ಭಾವೀ ಉಪಾಧ್ಯಾಯರಿಗೆ ಧನಸಹಾಯ: ಕೊಡುಗೆಯೋ, ಸಾಲವೋ?

ವಿಜ್ಞಾನದ ಮುನ್ನಡೆಯನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ದೊಡ್ಡ ಪ್ರಯೋಗಾಲಯಗಳನ್ನೂ ಅಲ್ಲಿ ದುಡಿಯುವ ಹೆಸರಾಂತ ಸಂಶೋಧಕರನ್ನೂ ನೆನೆಯುತ್ತೇವೆ. ಆ ಸಂಶೋಧಕರಿಗೆ ಹದಿನಾಲ್ಕು ಹದಿನೈದನೆಯ ವಯಸ್ಸಿನಲ್ಲಿ ನ್ಯೂಟನ್ನನ ನಿಯಮಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದವರು ಯಾರು ಎಂದು ಕೇಳುವವರು ವಿರಳ. ಹಾಗೆ ವಿವರಿಸಬಲ್ಲ ಉಪಾಧ್ಯಾಯರೇ ದೊರೆಯದೆ ಹೋದರೆ ಮುಂದಿನ ತಲೆಮಾರಿನ ವಿಜ್ಞಾನಿಗಳು ಎಲ್ಲಿಂದ ಬರಬೇಕು?

ಈ ಪ್ರಶ್ನೆ ಕೇವಲ ಊಹೆಯದಲ್ಲ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಉಪಾಧ್ಯಾಯರು ಸಾಲದೆ ಹೋಗಿರುವುದು ಸಿರಿವಂತ ದೇಶಗಳ ಅನುಭವವೂ ಆಗಿದೆ. ಅಮೆರಿಕದ ಹೈಸ್ಕೂಲುಗಳಲ್ಲಿ ಭೌತಶಾಸ್ತ್ರವನ್ನು ಕಲಿಸುವವರ ಪೈಕಿ ಆ ವಿಷಯದಲ್ಲಿ ಪದವಿ ಪಡೆದವರು ಅರ್ಧಕ್ಕಿಂತಲೂ ಕಡಮೆ. ಉಳಿದವರು ಜೀವಶಾಸ್ತ್ರವನ್ನೋ ಗಣಿತವನ್ನೋ ಮತ್ತೊಂದನ್ನೋ ಓದಿ ಬಂದವರು. ಈ ಕೊರತೆಯನ್ನು ನೀಗಲು ಸರ್ಕಾರಗಳು ಹಲವು ಬಾರಿ ಕೈಗೊಂಡಿರುವ ಉಪಾಯವೊಂದುಂಟು: ಓದುತ್ತಿರುವ ವಿದ್ಯಾರ್ಥಿಗೆ ಹಣ ಕೊಟ್ಟು, ‘ನೀನು ಮುಂದೆ ಇಂಥ ವಿಷಯದ ಉಪಾಧ್ಯಾಯನಾಗಬೇಕು’ ಎಂದು ಮಾತು ತೆಗೆದುಕೊಳ್ಳುವುದು. ಉಪಾಯ ಸರಳವಾಗಿ ಕಾಣುತ್ತದೆ. ಆದರೆ ಆ ಮಾತಿನ ಕರಾರು ಹೇಗಿರಬೇಕು ಎಂಬಲ್ಲಿ ಅದರ ಯಶಸ್ಸು ಅಡಗಿದೆ. ಅಮೆರಿಕ ದೇಶದ ಅರುವತ್ತು ವರ್ಷಗಳ ಅನುಭವವು ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಅದನ್ನು ಇಲ್ಲಿ ಪರಿಶೀಲಿಸೋಣ.

ಕೊರತೆ ತಾನಾಗಿಯೇ ಬೆಳೆಯುವುದೇಕೆ?

ಭೌತಶಾಸ್ತ್ರದಲ್ಲಿ ಪದವಿ ಪಡೆದ ತರುಣನಿಗೆ ಹಲವು ಬಾಗಿಲುಗಳು ತೆರೆದಿರುತ್ತವೆ. ಕೈಗಾರಿಕೆ, ಗಣಕಯಂತ್ರಗಳ ಉದ್ಯಮ, ಬ್ಯಾಂಕು, ಇವೆಲ್ಲ ಅವನನ್ನು ಕರೆಯುತ್ತವೆ. ಅಲ್ಲಿಯ ಸಂಬಳವೂ ಹೆಚ್ಚು. ಶಾಲೆಯಲ್ಲಾದರೋ, ಬೇರೆ ಉದ್ಯೋಗದ ಅವಕಾಶ ಹೆಚ್ಚಾಗಿರುವ ವಿಷಯದ ಉಪಾಧ್ಯಾಯನಿಗೂ ಅಂಥ ಅವಕಾಶ ಕಡಮೆ ಇರುವ ವಿಷಯದವನಿಗೂ ಸಾಮಾನ್ಯವಾಗಿ ಒಂದೇ ವೇತನಶ್ರೇಣಿ. ಆದುದರಿಂದ ಶಾಲೆಯನ್ನು ಆರಿಸಿಕೊಳ್ಳುವ ಭೌತಶಾಸ್ತ್ರದ ಪದವೀಧರನು ಕಳೆದುಕೊಳ್ಳುವ ಸಂಪಾದನೆ ಇತರರಿಗಿಂತ ದೊಡ್ಡದು.

ಇದರ ಪರಿಣಾಮವು ಒಂದು ಬಾರಿಗೆ ಮುಗಿಯುವುದಿಲ್ಲ. ಪರಮಾಣು ಸ್ಥಾವರದಲ್ಲಿ ನಡೆಯುವ ಸರಪಳಿ ಕ್ರಿಯೆಯನ್ನು ನೆನಪಿಗೆ ತಂದುಕೊಳ್ಳೋಣ. ಯುರೇನಿಯಂ ಪರಮಾಣುವಿನ ಬೀಜವೊಂದು ಒಡೆದಾಗ ಹೊರಬೀಳುವ ನ್ಯೂಟ್ರಾನುಗಳಲ್ಲಿ ಸರಾಸರಿ ಒಂದು ಮತ್ತೊಂದು ಬೀಜವನ್ನು ಒಡೆದರೆ ಕ್ರಿಯೆ ಒಂದೇ ಸಮನಾಗಿ ಮುಂದುವರಿಯುತ್ತದೆ. ಸರಾಸರಿ ಒಂದಕ್ಕಿಂತ ಕಡಮೆಯಾದರೆ ಅದು ಕ್ರಮೇಣ ನಂದಿಹೋಗುತ್ತದೆ. ಉಪಾಧ್ಯಾಯ ವೃತ್ತಿಯೂ ಹೀಗೆಯೇ. ಒಬ್ಬ ಉಪಾಧ್ಯಾಯನು ವರ್ಷಕ್ಕೆ 100 ವಿದ್ಯಾರ್ಥಿಗಳಂತೆ 30 ವರ್ಷ ಕಲಿಸುವನೆಂದು ಇಟ್ಟುಕೊಳ್ಳೋಣ. ಅವನ ಕೈಕೆಳಗೆ 3,000 ಮಂದಿ ಕಲಿತು ಹೊರಹೋಗುತ್ತಾರೆ. ಆ 3,000 ಮಂದಿಯಲ್ಲಿ ಒಬ್ಬನು ಅದೇ ವಿಷಯದ ಉಪಾಧ್ಯಾಯನಾದರೆ ಸಾಕು, ಸ್ಥಾನ ತೆರವಾಗಿ ಉಳಿಯುವುದಿಲ್ಲ. ಆದರೆ ಅವನು ಮೂರೇ ವರ್ಷಕ್ಕೆ ವೃತ್ತಿಯನ್ನು ಬಿಟ್ಟರೆ ಅವನಿಂದ ಕಲಿತವರು 300 ಮಂದಿ ಮಾತ್ರ. ಆಗ ಅವರಲ್ಲಿಯೇ ಒಬ್ಬನು ದೊರೆಯಬೇಕು. ಅಂದರೆ ಹತ್ತರಷ್ಟು ಕಷ್ಟ. ಆಸಕ್ತಿ ಹುಟ್ಟಿಸಬಲ್ಲ ಉಪಾಧ್ಯಾಯನು ಶಾಲೆಯಲ್ಲಿ ಇಲ್ಲದಿದ್ದರೆ ಭೌತಶಾಸ್ತ್ರವನ್ನು ಆರಿಸಿಕೊಳ್ಳುವವರೂ ಕಡಮೆಯಾಗುತ್ತಾರೆ. ಅವರಲ್ಲಿ ಉಪಾಧ್ಯಾಯರಾಗುವವರು ಇನ್ನೂ ಕಡಮೆಯಾಗುತ್ತಾರೆ.

ಈ ಲೆಕ್ಕದಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಹೊಸಬರನ್ನು ವೃತ್ತಿಗೆ ಕರೆತರುವುದು ಒಂದು ಕೆಲಸ. ಬಂದವರನ್ನು ಉಳಿಸಿಕೊಳ್ಳುವುದು ಇನ್ನೊಂದು. ಧನಸಹಾಯದ ಯೋಜನೆ ಯಾವುದೇ ಇರಲಿ, ಅದನ್ನು ಈ ಎರಡು ಒರೆಗಲ್ಲುಗಳಿಗೂ ತಿಕ್ಕಿ ನೋಡಬೇಕು.

ಸ್ಪುಟ್ನಿಕ್ ತಂದ ಕಾನೂನು

1957ರ ಅಕ್ಟೋಬರ್ 4ರಂದು ಸೋವಿಯತ್ ದೇಶವು ಸ್ಪುಟ್ನಿಕ್ ಎಂಬ ಕೃತಕ ಉಪಗ್ರಹವನ್ನು ಹಾರಿಸಿತು. ತಮ್ಮ ಶಾಲೆಗಳಲ್ಲಿ ವಿಜ್ಞಾನದ ಪಾಠ ಹಿಂದೆ ಬಿದ್ದಿದೆ ಎಂಬ ಕಳವಳ ಅಮೆರಿಕದಲ್ಲಿ ಎದ್ದಿತು. ಮರುವರ್ಷ, 1958ರ ಸೆಪ್ಟೆಂಬರ್ 2ರಂದು, ಅಧ್ಯಕ್ಷ ಐಸೆನ್‌ಹೋವರ್ ಅವರು ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾನೂನಿಗೆ ಸಹಿ ಹಾಕಿದರು.

ಆ ಕಾನೂನಿನ ಒಂದು ಭಾಗವು ಕಾಲೇಜು ವಿದ್ಯಾರ್ಥಿಗಳಿಗೆ ಸಾಲ ಕೊಡುವುದನ್ನು ಕುರಿತದ್ದು. ವರ್ಷಕ್ಕೆ 1,000 ಡಾಲರಿನವರೆಗೆ, ಒಟ್ಟು 5,000 ಡಾಲರಿನವರೆಗೆ ಸಾಲ ದೊರೆಯುತ್ತಿತ್ತು. ಬಡ್ಡಿ ಶೇಕಡ 3. ಶಾಲೆಗಳಲ್ಲಿ ಕಲಿಸಬೇಕೆಂಬ ಇಚ್ಛೆಯುಳ್ಳ ಪ್ರತಿಭಾವಂತರಿಗೂ ವಿಜ್ಞಾನ, ಗಣಿತ, ಎಂಜಿನಿಯರಿಂಗ್, ವಿದೇಶಿ ಭಾಷೆಗಳಲ್ಲಿ ವಿಶೇಷ ಸಾಮರ್ಥ್ಯವುಳ್ಳವರಿಗೂ ಮೊದಲ ಗಮನ. ಸಾಲ ಪಡೆದವನು ಮುಂದೆ ಸರ್ಕಾರಿ ಶಾಲೆಯ ಉಪಾಧ್ಯಾಯನಾದರೆ, ಕಲಿಸಿದ ಪ್ರತಿಯೊಂದು ವರ್ಷಕ್ಕೂ ಸಾಲದ ಶೇಕಡ 10ರಷ್ಟು ವಜಾ ಆಗುತ್ತಿತ್ತು. ಐದು ವರ್ಷ ಕಲಿಸಿದರೆ ಅರ್ಧ ಸಾಲ ತೀರಿದಂತೆಯೇ.

ಈ ಏರ್ಪಾಟಿನ ಸ್ವಭಾವವನ್ನು ಗಮನಿಸಬೇಕು. ಕೊಟ್ಟದ್ದು ಸಾಲವೆಂದು ಮೊದಲೇ ಎಲ್ಲರಿಗೂ ತಿಳಿದಿತ್ತು. ಕಲಿಸಿದಷ್ಟೂ ಲಾಭ; ಮೂರು ವರ್ಷ ಕಲಿಸಿ ಬಿಟ್ಟವನಿಗೂ ಮೂರು ವರ್ಷದ ಫಲ ಕೈಸೇರುತ್ತಿತ್ತು. ಇದೇ ಸಾಲವು ಮುಂದೆ ಪರ್ಕಿನ್ಸ್ ಸಾಲವೆಂಬ ಹೆಸರನ್ನು ಪಡೆಯಿತು. ಆಗ ಬಡಮಕ್ಕಳು ಹೆಚ್ಚಾಗಿರುವ ಶಾಲೆಗಳಲ್ಲಿ ಕಲಿಸುವವರಿಗೂ, ಗಣಿತ ವಿಜ್ಞಾನಗಳಂಥ ಕೊರತೆಯ ವಿಷಯಗಳನ್ನು ಕಲಿಸುವವರಿಗೂ ಐದು ವರ್ಷಗಳಲ್ಲಿ ಸಾಲವೆಲ್ಲ ವಜಾ ಆಗುವ ಅನುಕೂಲ ಒದಗಿತು. ಮೊದಲ ಎರಡು ವರ್ಷ ಶೇಕಡ 15ರಂತೆ, ಮುಂದಿನ ಎರಡು ವರ್ಷ ಶೇಕಡ 20ರಂತೆ, ಐದನೆಯ ವರ್ಷ ಶೇಕಡ 30. ವೃತ್ತಿಯಲ್ಲಿ ಉಳಿದಷ್ಟೂ ಫಲ ಹೆಚ್ಚುತ್ತಾ ಹೋಗುವಂತೆ ಇದನ್ನು ಹೊಂದಿಸಲಾಗಿತ್ತು. ಹೊಸದಾಗಿ ಪರ್ಕಿನ್ಸ್ ಸಾಲ ಕೊಡುವ ಅಧಿಕಾರವು 2017ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು.

2007ರ ಕೊಡುಗೆ

ಈ ನಡುವೆ 2007ರಲ್ಲಿ ಅಮೆರಿಕ ಸರ್ಕಾರವು ಬೇರೊಂದು ಯೋಜನೆಯನ್ನು ಹೂಡಿತು. ಇದಕ್ಕೆ ‘ಟೀಚ್ ಗ್ರಾಂಟ್’ ಎಂದು ಹೆಸರು. ಸಹಾಯ ಕೊಡಲು ತೊಡಗಿದ್ದು 2008ರಲ್ಲಿ. ಇದು ಸಾಲವಲ್ಲ, ಕೊಡುಗೆ ಎಂದು ಸಾರಲಾಯಿತು. ಉಪಾಧ್ಯಾಯರಾಗಲು ಓದುತ್ತಿರುವ ವಿದ್ಯಾರ್ಥಿಗೆ ವರ್ಷಕ್ಕೆ 4,000 ಡಾಲರಿನವರೆಗೆ, ಪದವಿಯ ಅವಧಿಯಲ್ಲಿ ಒಟ್ಟು 16,000 ಡಾಲರಿನವರೆಗೆ ಇದರಿಂದ ದೊರೆಯಬಹುದು. ಆಯವ್ಯಯದ ಕಡಿತದಿಂದಾಗಿ 2013ರಿಂದೀಚೆಗೆ ಈ ಮೊತ್ತ ಸ್ವಲ್ಪ ತಗ್ಗಿದೆ. ಅರ್ಹತೆಗೆ ನಾಲ್ಕಕ್ಕೆ 3.25ರ ಅಂಕಸರಾಸರಿ ಬೇಕು. ಇಲ್ಲವೆ ಪ್ರವೇಶಪರೀಕ್ಷೆಯಲ್ಲಿ ಮೇಲಿನ ಕಾಲುಭಾಗದಲ್ಲಿ ಸ್ಥಾನ ಪಡೆದಿರಬೇಕು.

ಕರಾರು ಹೀಗಿದೆ. ವಿದ್ಯಾಭ್ಯಾಸ ಮುಗಿದ ಮೇಲೆ ಎಂಟು ವರ್ಷಗಳ ಒಳಗೆ ನಾಲ್ಕು ಶಾಲಾವರ್ಷ ಪೂರ್ಣಾವಧಿಯ ಉಪಾಧ್ಯಾಯನಾಗಿ ದುಡಿಯಬೇಕು. ಕಲಿಸುವ ಶಾಲೆಯು ಬಡ ಕುಟುಂಬಗಳ ಮಕ್ಕಳು ಹೆಚ್ಚಾಗಿರುವ ಶಾಲೆಗಳ ಪಟ್ಟಿಯಲ್ಲಿರಬೇಕು. ವಿಷಯವೂ ಕೊರತೆಯ ವಿಷಯವಾಗಿರಬೇಕು: ಗಣಿತ, ವಿಜ್ಞಾನ, ವಿದೇಶಿ ಭಾಷೆ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ ಮೊದಲಾದವು. ಈ ಮಾತಿಗೆ ವಿದ್ಯಾರ್ಥಿಯು ಮುಚ್ಚಳಿಕೆ ಬರೆದುಕೊಡಬೇಕು. ಮಾತಿಗೆ ತಪ್ಪಿದರೆ ಕೊಡುಗೆಯೆಲ್ಲವೂ ಸಾಲವಾಗಿ ಮಾರ್ಪಡುತ್ತದೆ. ಹಣ ಕೈಗೆ ಬಂದ ದಿನದಿಂದಲೇ ಬಡ್ಡಿಯನ್ನು ಲೆಕ್ಕ ಹಾಕಲಾಗುತ್ತದೆ.

ಬಡ್ಡಿಯ ಭಾರವೆಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 2008ರಿಂದ 2013ರ ನಡುಭಾಗದವರೆಗೆ ಈ ಬಗೆಯ ಸಾಲಕ್ಕೆ ಬಡ್ಡಿಯ ದರ ಶೇಕಡ 6.8 ಇತ್ತು. ನಾಲ್ಕು ವರ್ಷ, ಪ್ರತಿವರ್ಷದ ಮೊದಲಿಗೆ 4,000 ಡಾಲರ್ ಪಡೆದ ವಿದ್ಯಾರ್ಥಿಯ ಕೊಡುಗೆಯು ಮೊದಲ ಕಂತಿನಿಂದ ಎಂಟು ವರ್ಷಕ್ಕೆ ಸಾಲವಾಯಿತೆನ್ನೋಣ. ಒಂದು ಕಂತಿಗೆ ಒಂದು ವರ್ಷದ ಸರಳ ಬಡ್ಡಿ 272 ಡಾಲರ್. ನಾಲ್ಕು ಕಂತುಗಳು ಕ್ರಮವಾಗಿ 8, 7, 6, 5 ವರ್ಷ ಬೆಳೆದಿವೆ, ಕೂಡಿದರೆ 26. ಆದುದರಿಂದ ಬಡ್ಡಿ 26 × 272, ಅಂದರೆ 7,072 ಡಾಲರ್. ಪಡೆದದ್ದು 16,000, ಹಿಂದಿರುಗಿಸಬೇಕಾದದ್ದು 23,072. ಹೊಸದಾಗಿ ಕೆಲಸಕ್ಕೆ ಸೇರಿದ ಉಪಾಧ್ಯಾಯನಿಗೆ ಇದು ಹಗುರವಾದ ಹೊರೆಯಲ್ಲ.

ಕೊಡುಗೆ ಸಾಲವಾದ ಬಗೆ

ಮಾತಿಗೆ ತಪ್ಪಿದವನು ಹಣವನ್ನು ಹಿಂದಿರುಗಿಸುವುದು ನ್ಯಾಯವೇ ಸರಿ ಎಂದು ವಾಚಕರು ಹೇಳಬಹುದು. ಆದರೆ ನಡೆದದ್ದು ಅಷ್ಟೇ ಅಲ್ಲ. ಕೊಡುಗೆ ಪಡೆದವನು ತಾನು ಕಲಿಸುತ್ತಿರುವುದಾಗಿ ಅಥವಾ ಕಲಿಸುವ ಉದ್ದೇಶವಿರುವುದಾಗಿ ಪ್ರತಿವರ್ಷವೂ ಪತ್ರ ಕಳುಹಿಸಬೇಕೆಂಬ ನಿಯಮವಿತ್ತು. ಪತ್ರದಲ್ಲಿ ಒಂದು ಸಹಿ ಬಿಟ್ಟುಹೋದರೆ, ತಾರೀಖು ಬರೆಯದಿದ್ದರೆ, ಗಡುವು ಒಂದು ದಿನ ಮೀರಿದರೆ ಕೂಡ ಕೊಡುಗೆಯು ಸಾಲವಾಗಿ ಬದಲಾದ ಪ್ರಸಂಗಗಳು ನಡೆದವು. ಒಮ್ಮೆ ಸಾಲವಾದ ಮೇಲೆ ಅದನ್ನು ಮತ್ತೆ ಕೊಡುಗೆಯನ್ನಾಗಿ ಮಾಡುವ ದಾರಿಯಿರಲಿಲ್ಲ. ಪಟ್ಟಿಯಲ್ಲಿರುವ ಶಾಲೆಯಲ್ಲಿ, ಕೊರತೆಯ ವಿಷಯವನ್ನೇ, ಮಾತು ಕೊಟ್ಟಂತೆಯೇ ಕಲಿಸುತ್ತಿದ್ದವರ ಮೇಲೂ ಸಾವಿರಾರು ಡಾಲರಿನ ಸಾಲ ಬಿದ್ದಿತು.

ಅಮೆರಿಕ ಸಂಸತ್ತಿನ ಪರವಾಗಿ ಸರ್ಕಾರದ ಕೆಲಸಗಳನ್ನು ಪರಿಶೋಧಿಸುವ ಕಚೇರಿಯೊಂದುಂಟು. ಅದು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2014ರ ಜೂನ್ ಹೊತ್ತಿಗೆ ಕೊಡುಗೆ ಪಡೆದಿದ್ದ 1,12,000ಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 36,000 ಮಂದಿಯ ಕೊಡುಗೆ ಸಾಲವಾಗಿತ್ತು. ಇವುಗಳಲ್ಲಿ 2,000ಕ್ಕೂ ಹೆಚ್ಚು ಪ್ರಕರಣಗಳು ತಪ್ಪಾಗಿ ಮಾರ್ಪಟ್ಟವೆಂದು ಶಿಕ್ಷಣ ಇಲಾಖೆಯೇ ತಿಳಿಸಿತ್ತು. 2018ರಲ್ಲಿ ಆ ಇಲಾಖೆಗಾಗಿ ನಡೆಸಿದ ಅಧ್ಯಯನದಿಂದ ಇನ್ನೂ ಕಳವಳಕಾರಿಯಾದ ಅಂಶ ಹೊರಬಿದ್ದಿತು: 2014ರ ಜುಲೈಗೆ ಮುಂಚೆ ಸೇವಾವಧಿಗೆ ತೊಡಗಿದವರಲ್ಲಿ ನೂರಕ್ಕೆ 63 ಮಂದಿಯ ಕೊಡುಗೆ ಸಾಲವಾಗಿತ್ತು. ಇವರಲ್ಲಿ ಕೆಲವರು ಉಪಾಧ್ಯಾಯರಾಗಲೇ ಇಲ್ಲ. ಕೆಲವರಿಗೆ ಪಟ್ಟಿಯಲ್ಲಿನ ಶಾಲೆಯಲ್ಲಿ ಕೆಲಸ ದೊರೆಯಲಿಲ್ಲ. ಇನ್ನು ಕೆಲವರಿಗೆ ಕರಾರೇ ಸರಿಯಾಗಿ ಅರ್ಥವಾಗಿರಲಿಲ್ಲ. ಮತ್ತೆ ಕೆಲವರು ಕಾಗದಪತ್ರದ ಜಾಲದಲ್ಲಿ ಸಿಕ್ಕಿಬಿದ್ದವರು.

2018ರಲ್ಲಿ ನ್ಯಾಷನಲ್ ಪಬ್ಲಿಕ್ ರೇಡಿಯೋ ಸಂಸ್ಥೆಯು ಇಂಥ ಉಪಾಧ್ಯಾಯರ ಕಥೆಗಳನ್ನು ಒಂದೊಂದಾಗಿ ಬಿತ್ತರಿಸಿತು. ವಿಷಯ ದೇಶದಲ್ಲೆಲ್ಲ ಚರ್ಚೆಗೆ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಕರಾರಿನಂತೆ ಕಲಿಸಿದವರ ಸಾಲವನ್ನು ಮತ್ತೆ ಕೊಡುಗೆಯನ್ನಾಗಿ ಮಾಡುವ ಏರ್ಪಾಟನ್ನು ಇಲಾಖೆಯು ಪ್ರಕಟಿಸಿತು. 2021ರ ಜುಲೈ 1ರಿಂದ ಹೊಸ ನಿಯಮಗಳು ಜಾರಿಗೆ ಬಂದವು. ವಾರ್ಷಿಕ ಪತ್ರ ತಲಪಲಿಲ್ಲವೆಂಬ ಒಂದೇ ಕಾರಣದಿಂದ ಈಗ ಕೊಡುಗೆ ಸಾಲವಾಗುವುದಿಲ್ಲ. ಎಂಟು ವರ್ಷಗಳ ಗಡುವಿನೊಳಗೆ ನಾಲ್ಕು ವರ್ಷದ ಸೇವೆಯನ್ನು ಮುಗಿಸಲು ಕಾಲವೇ ಉಳಿದಿಲ್ಲವೆಂದಾದಾಗ, ಇಲ್ಲವೆ ಕೊಡುಗೆ ಪಡೆದವನೇ ಬಯಸಿದಾಗ ಮಾತ್ರ ಈ ಮಾರ್ಪಾಟು. ಆಗಲೂ ಮರುಪರಿಶೀಲನೆಯನ್ನು ಕೋರಲು ಅವಕಾಶವುಂಟು.

ಮೆಟ್ಟಿಲೂ ಇಳಿಜಾರೂ

ತಪ್ಪನ್ನು ತಿದ್ದಿದ್ದು ಒಳ್ಳೆಯದೇ. ಆದರೂ 1958ರ ಏರ್ಪಾಟಿಗೂ 2007ರದಕ್ಕೂ ಒಂದು ಮೂಲಭೂತ ವ್ಯತ್ಯಾಸ ಉಳಿದಿದೆ. ನಕ್ಷೆ ಬರೆಯುವ ಅಭ್ಯಾಸವಿರುವ ವಿದ್ಯಾರ್ಥಿಗಳು ಇದನ್ನು ಬೇಗ ಗ್ರಹಿಸಬಲ್ಲರು. ಅಡ್ಡಗೆರೆಯ ಮೇಲೆ ಕಲಿಸಿದ ವರ್ಷಗಳನ್ನೂ ಲಂಬಗೆರೆಯ ಮೇಲೆ ಉಳಿದ ಸಾಲವನ್ನೂ ಗುರುತಿಸಿ. ಹಳೆಯ ಏರ್ಪಾಟಿನಲ್ಲಿ ಗೆರೆಯು ವರ್ಷವರ್ಷವೂ ಕೆಳಕ್ಕೆ ಇಳಿಯುತ್ತದೆ, ಅದು ಇಳಿಜಾರು. ಹೊಸದರಲ್ಲಿ ನಾಲ್ಕನೆಯ ವರ್ಷ ಪೂರ್ತಿಯಾಗುವವರೆಗೂ ಗೆರೆಯು ಒಂದೇ ಎತ್ತರದಲ್ಲಿ ಸಾಗಿ, ಅಲ್ಲಿ ಒಮ್ಮೆಗೇ ಸೊನ್ನೆಗೆ ಬೀಳುತ್ತದೆ. ಅದು ಒಂದೇ ಎತ್ತರವಾದ ಮೆಟ್ಟಿಲು. ಮೂರು ವರ್ಷ ಶ್ರದ್ಧೆಯಿಂದ ಕಲಿಸಿ, ಕಾಯಿಲೆಯಿಂದಲೋ ಸಂಸಾರದ ತೊಡಕಿನಿಂದಲೋ ವೃತ್ತಿ ಬಿಟ್ಟು ಮತ್ತೆ ಸೇರಲಾರದೆ ಹೋದವನಿಗೂ, ಒಂದು ದಿನವೂ ಶಾಲೆಯ ಹೊಸ್ತಿಲು ತುಳಿಯದವನಿಗೂ ಅಲ್ಲಿ ಭೇದವಿಲ್ಲ.

ಮೆಟ್ಟಿಲಿನ ಪರವಾಗಿಯೂ ಹೇಳುವುದುಂಟು. ನಾಲ್ಕನೆಯ ವರ್ಷದವರೆಗೆ ಉಪಾಧ್ಯಾಯನನ್ನು ಹಿಡಿದಿಡುವ ಬಲ ಅದಕ್ಕೆ ಹೆಚ್ಚು. ಸೇವಾಕರಾರನ್ನು ವಿಧಿಸುವ ಯೋಜನೆಗಳು ಬೇರೆಯೂ ಇವೆ. ಸಮಗ್ರ ಮಂಡಲವನ್ನು ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಅವರ ಹೆಸರಿನಲ್ಲಿ 2002ರ ಕಾನೂನಿನಂತೆ ಸ್ಥಾಪಿತವಾದ ವಿದ್ಯಾರ್ಥಿವೇತನವು, ಪಡೆದ ಒಂದೊಂದು ವರ್ಷದ ಸಹಾಯಕ್ಕೂ ಎರಡೆರಡು ವರ್ಷ ಕಲಿಸಬೇಕೆಂದು ಕೇಳುತ್ತದೆ. ಕರಾರೇ ಕೂಡದೆಂದು ನಾವು ಹೇಳುವುದಿಲ್ಲ. ಸಾರ್ವಜನಿಕರ ಹಣಕ್ಕೆ ಸಾರ್ವಜನಿಕರಿಗೆ ಸೇವೆ ದೊರೆಯಬೇಕು. ಆದರೆ ಮಾಡಿದ ಸೇವೆಯ ಒಂದೊಂದು ವರ್ಷವೂ ಲೆಕ್ಕಕ್ಕೆ ಬರಬೇಕು. ಪರ್ಕಿನ್ಸ್ ಸಾಲದ ಏರುವ ಪ್ರಮಾಣವು ಹಿಡಿದಿಡುವ ಬಲವನ್ನೂ ನ್ಯಾಯವನ್ನೂ ಒಟ್ಟುಗೂಡಿಸಿತ್ತೆಂಬುದೇ ನಮ್ಮ ಅಭಿಪ್ರಾಯ.

ಹಣವೊಂದೇ ಸಾಕೆ?

ಕರಾರನ್ನೇ ಕೈಬಿಟ್ಟು ಹೆಚ್ಚು ಹಣ ಕೊಟ್ಟರೆ ಹೇಗೆ? ಇಂಗ್ಲೆಂಡ್ ಈ ದಾರಿಯನ್ನು ಹಿಡಿದಿದೆ. 2023–24ರಲ್ಲಿ ಭೌತಶಾಸ್ತ್ರದ ಉಪಾಧ್ಯಾಯರಾಗಲು ತರಬೇತಿಗೆ ಸೇರುವ ಅರ್ಹ ಪದವೀಧರನಿಗೆ 27,000 ಪೌಂಡಿನ ವಿದ್ಯಾರ್ಥಿವೇತನವಿತ್ತು. ತರಬೇತಿಯ ನಂತರ ಕಲಿಸಲೇಬೇಕೆಂಬ ಕಟ್ಟೂ ಇರಲಿಲ್ಲ. ಆದರೂ ಆ ವರ್ಷ ಸೇರಿದವರು ಸರ್ಕಾರ ಇಟ್ಟುಕೊಂಡಿದ್ದ ಗುರಿಯ ಶೇಕಡ 17ರಷ್ಟು ಮಾತ್ರ. ಇದರಿಂದ ಹಣವು ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಹಣವಿಲ್ಲದಿದ್ದರೆ ಸಂಖ್ಯೆ ಇನ್ನೂ ಇಳಿಯುತ್ತಿತ್ತೋ ಏನೋ! ಆದರೆ ತರಬೇತಿಯ ಒಂದು ವರ್ಷದ ಧಾರಾಳತನವು ಮುಂದಿನ ಮೂವತ್ತು ವರ್ಷಗಳ ಸಂಬಳಕ್ಕೆ ಬದಲಾಗಲಾರದೆಂಬುದು ಮಾತ್ರ ಸ್ಪಷ್ಟ.

ಉಳಿಸಿಕೊಳ್ಳಲು ಕೊಡುವ ಹಣದ ಪರಿಣಾಮವನ್ನು ಇನ್ನೂ ಸ್ಪಷ್ಟವಾಗಿ ಅಳೆಯಲಾಗಿದೆ. ಅಮೆರಿಕದ ಉತ್ತರ ಕೆರೊಲಿನ ರಾಜ್ಯವು 2001ರಿಂದ ಮೂರು ವರ್ಷ, ಬಡಮಕ್ಕಳ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ ಮತ್ತು ವಿಶೇಷ ಶಿಕ್ಷಣವನ್ನು ಕಲಿಸುವವರಿಗೆ ವರ್ಷಕ್ಕೆ 1,800 ಡಾಲರ್ ಹೆಚ್ಚುವರಿಯಾಗಿ ಕೊಟ್ಟಿತು. ಶಾಲೆ ಬಿಟ್ಟು ಹೋಗುವವರ ಪ್ರಮಾಣವು ಇದರಿಂದ ಸುಮಾರು ಶೇಕಡ 17ರಷ್ಟು ತಗ್ಗಿತೆಂದು ಸಂಶೋಧಕರು ಕಂಡುಕೊಂಡರು. ಇಂಗ್ಲೆಂಡಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಹೊಸ ಉಪಾಧ್ಯಾಯರಿಗೆ ಇಂಥದೇ ಹಣವನ್ನು ಕೊಟ್ಟಾಗ, ಅದನ್ನು ಪಡೆಯುವ ಅರ್ಹತೆಯಿದ್ದ ವರ್ಷಗಳಲ್ಲಿ ವೃತ್ತಿ ಬಿಡುವ ಸಂಭವವು ಶೇಕಡ 23ರಷ್ಟು ಕಡಮೆಯಾಯಿತೆಂದು 2022ರ ಅಧ್ಯಯನವೊಂದು ತಿಳಿಸಿತು. ನಾವು ಮೊದಲು ಹಾಕಿದ ಸರಪಳಿ ಕ್ರಿಯೆಯ ಲೆಕ್ಕಕ್ಕೆ ಇದು ಒಪ್ಪುತ್ತದೆ. ಒಬ್ಬ ಉಪಾಧ್ಯಾಯನು ಉಳಿದ ಪ್ರತಿ ವರ್ಷವೂ ಇನ್ನಷ್ಟು ವಿದ್ಯಾರ್ಥಿಗಳು ಅವನ ಪಾಠ ಕೇಳುತ್ತಾರೆ.

ನಮ್ಮ ನಾಡಿಗೆ ಇದರಿಂದ ಏನು?

ಉಪಾಧ್ಯಾಯರಾಗಬೇಕೆನ್ನುವವರಿಗೆ ವಿಜ್ಞಾನವನ್ನೂ ಶಿಕ್ಷಣಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷದ ಪದವಿ ನಮಗೆ ಹೊಸದಲ್ಲ. ಮೈಸೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು, ಈಗಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು, ಈ ಬಗೆಯ ಪದವಿಗೆ ಹೆಸರಾದದ್ದು. ಇಂಥ ನಾಲ್ಕು ವರ್ಷದ ಬಿ.ಎಡ್. ಪದವಿಯನ್ನು ಓದುವವರಿಗಾಗಿ ದೇಶದಾದ್ಯಂತ ಪ್ರತಿಭೆಯ ಆಧಾರದ ಮೇಲೆ ವಿದ್ಯಾರ್ಥಿವೇತನಗಳನ್ನು ಏರ್ಪಡಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿದೆ. ಗ್ರಾಮಾಂತರ ಪ್ರದೇಶದ ವಿಶೇಷ ವಿದ್ಯಾರ್ಥಿವೇತನಗಳಲ್ಲಿ, ಓದು ಮುಗಿಸಿದವರಿಗೆ ತಮ್ಮ ಸೀಮೆಯಲ್ಲಿಯೇ ಉದ್ಯೋಗದ ಆದ್ಯತೆಯೂ ಸೇರಿರಬೇಕೆಂಬುದು ಅದರ ಆಶಯ. ಇದು ಆಚರಣೆಗೆ ಬರುವಾಗ ಅಮೆರಿಕದ ಅನುಭವವು ನಮ್ಮವರಿಗೆ ಉಪಯೋಗವಾದೀತು. ಸಲ್ಲಿಸಿದ ಸೇವೆಯನ್ನು ವರ್ಷವರ್ಷಕ್ಕೂ ಲೆಕ್ಕಕ್ಕೆ ಹಿಡಿಯಬೇಕು. ಉಪಾಧ್ಯಾಯನಿಗೆ ತಿಂಗಳು ತಿಂಗಳು ಸಂಬಳ ಕೊಡುವ ಸರ್ಕಾರಕ್ಕೆ ಅವನು ಕಲಿಸುತ್ತಿರುವ ವಿಷಯ ತಿಳಿದೇ ಇರುತ್ತದೆ. ಅದನ್ನು ರುಜುವಾತುಪಡಿಸುವ ಹೊರೆಯನ್ನು ಮತ್ತೆ ಅವನ ಮೇಲೆಯೇ ಹೇರಬಾರದು. ಸಹಾಯವು ಕಾಲೇಜಿನ ಬಾಗಿಲಲ್ಲಿಯೇ ನಿಲ್ಲದೆ, ಕೆಲಸದ ಮೊದಲ ವರ್ಷಗಳಿಗೂ ಚಾಚಿಕೊಳ್ಳಬೇಕು.

ಇದನ್ನು ಓದುತ್ತಿರುವ ವಿದ್ಯಾರ್ಥಿಮಿತ್ರರಿಗೂ ಒಂದು ಮಾತು. ಉಪಾಧ್ಯಾಯ ವೃತ್ತಿಯ ಕಡೆಗೆ ನಿಮ್ಮ ಮನಸ್ಸು ಒಲಿದಿದ್ದರೆ, ಇಂಥ ಸಹಾಯವೇನಾದರೂ ನಿಮ್ಮ ಮುಂದೆ ಬಂದರೆ ಸಂಕೋಚವಿಲ್ಲದೆ ಪಡೆಯಿರಿ. ಆದರೆ ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆಗಳನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಎಷ್ಟು ವರ್ಷ, ಯಾವ ಶಾಲೆಯಲ್ಲಿ, ಯಾವ ವಿಷಯವನ್ನು ಕಲಿಸಬೇಕು? ಅಂಥ ಕೆಲಸ ದೊರೆಯದೆ ಹೋದರೆ ಗತಿಯೇನು? ಅರ್ಧದಲ್ಲಿ ಬಿಡಬೇಕಾಗಿ ಬಂದರೆ ಸಲ್ಲಿಸಿದ ಸೇವೆ ಲೆಕ್ಕಕ್ಕೆ ಬರುವುದೆ? ಹಣ ಹಿಂದಿರುಗಿಸಬೇಕಾದರೆ ಬಡ್ಡಿ ಯಾವ ದಿನದಿಂದ ಬೆಳೆಯುತ್ತದೆ? ಪ್ರಯೋಗಾಲಯದಲ್ಲಿ ಉಪಕರಣವನ್ನು ಮುಟ್ಟುವ ಮುಂಚೆ ಅದರ ಸೂಚನೆಗಳನ್ನು ಓದುವುದು ನಿಮಗೆ ಗೊತ್ತೇ ಇದೆ. ಮುಚ್ಚಳಿಕೆಗೂ ಅದೇ ಎಚ್ಚರಿಕೆ ಸಲ್ಲುತ್ತದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಒಂದು ಸಹಿಯ ಲೋಪಕ್ಕಾಗಿ ಪ್ರಾಮಾಣಿಕ ಉಪಾಧ್ಯಾಯನನ್ನು ಸಾಲಗಾರನನ್ನಾಗಿ ಮಾಡಿದ ಸರ್ಕಾರವು ಕಳೆದುಕೊಂಡ ವಿಶ್ವಾಸವೂ ಅಂಥದೇ. ಅವನ ಕಷ್ಟವನ್ನು ಕಣ್ಣಾರೆ ಕಂಡ ಶಿಷ್ಯರಲ್ಲಿ ಎಷ್ಟು ಮಂದಿ ಅದೇ ವೃತ್ತಿಗೆ ಬಂದಾರು? ಆ 3,000 ಮಂದಿಯಲ್ಲಿ ನಮಗೆ ಬೇಕಾಗಿರುವವನು ಒಬ್ಬನೇ. ಅವನು ಧೈರ್ಯದಿಂದ ಮುಂದೆ ಬರುವಂಥ ಕರಾರನ್ನು ಬರೆಯುವುದು ಸರ್ಕಾರದ ಹೊಣೆ.